ಳಕಾರದ ವರದಿ

ಹಾಸನದ ಬಸ್ ನಿಲ್ದಾಣದಲ್ಲಿ ನೀವು ಕೇಳುವ ದನಿ
ನನ್ನದು.
ಕಿವಿಗೆ ಇಯರ್‌ಫೋನು, ಬಾಯೆದುರು ಮೈಕು.
ಕಂಪ್ಯೂಟರು ನನಗೆ ಓದುತ್ತದೆ, ನಾನು ಊರಿಗೆ ಸಾರುತ್ತೇನೆ.
ಪರದೆ ಹೇಗಿದೆಯೋ ಗೊತ್ತಿಲ್ಲ, ಹುಟ್ಟಿದಾಗಿನಿಂದ.

ಓದುವ ತಂತ್ರಾಂಶ ಪುಕ್ಕಟೆಯದು.
ಪುಕ್ಕಟೆ ಅನ್ನಬೇಡ, ಮುಕ್ತ ಅನ್ನು ಎಂದು
ತಿದ್ದಿದವಳು ಪಾರ್ಸೆಲ್ ಕೌಂಟರಿನ ಜಬೀನಾ.
ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ,
ಬಾನೆಟ್ಟಿಗೆ ಬೀಗವಿಲ್ಲದ ಬಸ್ಸಿನ ಹಾಗೆ.

ಅದಕ್ಕೆ ಒಂದೇ ಒಂದು ಅಕ್ಷರ ಬರುತ್ತಿರಲಿಲ್ಲ.
ಹಳೇಬೀಡನ್ನು ಹಲೇಬೀಡು ಎನ್ನುವುದು,
ಬೆಳಗೊಳವನ್ನು ಬೆಲಗೊಲ.
ಹೊಳೆನರಸೀಪುರವನ್ನು ಏನೆನ್ನುತ್ತಿತ್ತೆಂದು
ಬಾಯಿಬಿಟ್ಟು ಹೇಳಲಾರೆ.
ಆ ಎರಡಕ್ಷರ ಎಸೆದೇ ನಮ್ಮಜ್ಜಿಯನ್ನು
ಬಾವಿಕಟ್ಟೆಯಿಂದ ಹತ್ತು ಮಾರು ದೂರ ನಿಲ್ಲಿಸುತ್ತಿದ್ದದ್ದು.
ದಿನಕ್ಕೆ ನಲವತ್ತು ಸಲ ಕಿವಿಯೊಳಗೆ ಅದು,
ನಲವತ್ತು ಸಲ ನಾಲಗೆ ಮಡಚಿ ನಾನು
ಹೊಳೆ ಮಾಡಿ ಹೊರಗೆ ಬಿಡುತ್ತಿದ್ದೆ.
ನಾಲ್ಕು ವರ್ಷ.

ತಿದ್ದಿಕೊಂಡೇ ಬದುಕಿದವನಿಗೆ
ತಪ್ಪು ತನ್ನದಲ್ಲವೆಂದು ಹೊಳೆಯಲಿಕ್ಕೂ ಕಾಲ ಬೇಕು.

ಮೊದಲು ಬರೆಸಿದ್ದು ಸಿಟ್ಟಿನ ಕಾಗದ:
ನಿಮ್ಮ ದನಿ ಸರಿಯಿಲ್ಲ. ಕನ್ನಡಕ್ಕೆ ಅವಮಾನ. ಕೂಡಲೇ ಸರಿಪಡಿಸಿ.
ಇಂಗ್ಲಿಷಿಗೆ ತಿರುಗಿಸುತ್ತ ಜಬೀನಾ ಅರ್ಧಕ್ಕೇ ನಿಂತಳು.
"ಚೆಲುವಣ್ಣಾ, ಇದನ್ನ ಡಿಪೋ ಸಣ್ಣೀರಪ್ಪಂಗೆ ಒಂದ್ಸಲ ಓದಿ ಹೇಳಣ."

ಸಣ್ಣೀರಪ್ಪ ಬಸ್ಸಿನಡಿ ಮಲಗಿಯೇ ಕೇಳಿ ನಕ್ಕ.
"ಗಾಡಿ ಸರಿ ಇಲ್ಲ ಅಂತ ಬರ್ದು ಮನೆಗೆ ಹೋಗೋ ಡ್ರೈವರುಗಳು
ನಮ್ಮಲ್ಲೂ ಅವ್ರೆ. ಸರಿ ಇಲ್ಲ ಅಂದ್ರೆ ಏನನ್ನ ಬಿಚ್ಚಲಿ?
ಯಾವ ಗಾಡಿ, ಯಾವ ಗೇರು? ಏರಲ್ಲೋ ಇಳಿಜಾರಲ್ಲೋ?
ತಣ್ಣಗಿದ್ದಾಗ್ಲೋ, ಕಾದ ಮೇಲೋ?
ಗೇರ್‌ಬಾಕ್ಸ್ ಹೋಗೈತೆ ಅಂತ ನೀನೇ ತೀರ್ಪು ಕೊಡಬ್ಯಾಡ,
ಕೇಳಿದ ಶಬ್ದ ಹೇಳು. ಅದೇ ಶಬ್ದ ನನ್ನೆದುರು ಹೊರಡಿಸು.
ಹೊರಟ್ರೆ ಅರ್ಧ ರಿಪೇರಿ ಆದಂಗೆ."
ಆಮೇಲೆ ಹದಿನೇಳರ ಸ್ಪಾನರ್ ಕೇಳಿದ, ತಡಕಿ ಕೊಟ್ಟೆ.

ಆ ರಾತ್ರಿ ಹೊಸದಾಗಿ ಬರೆದೆವು.
ಹಳೆಯ ದೂರುಗಳನ್ನೆಲ್ಲ ಮೊದಲು ಜಾಲಾಡಿದೆವು,
ಈ ಅಕ್ಷರಕ್ಕಾಗಿ ಯಾರೂ ಅತ್ತಿರಲಿಲ್ಲ.
ಆವೃತ್ತಿಯ ಸಂಖ್ಯೆ. ಕನ್ನಡದ ದನಿ, ಗಂಡಸಿನದು.
ಇಡೀ ವೇಳಾಪಟ್ಟಿ ಬೇಡ, ಒಂದು ಪದ ಸಾಕು.
ಕೇಳಬೇಕಾದದ್ದು: ಬೇಳೆ.
ಕೇಳಿಸಿದ್ದು: ಬೇಲೆ.
ಹತ್ತು ಸಲಕ್ಕೆ ಹತ್ತು ಸಲವೂ.
ವೇಗ ತಗ್ಗಿಸಿದರೂ ಅಷ್ಟೇ, ಜಬೀನಾಳ ಕಂಪ್ಯೂಟರಿನಲ್ಲೂ ಅಷ್ಟೇ.
ಅಜ್ಜಿಯ ಬಾವಿಯನ್ನು ಬರೆಸಲಿಲ್ಲ.
ಅದು ಇನ್ನೊಂದು ದೂರು.
ಒಂದು ಕಾಗದಕ್ಕೆ ಒಂದೇ ತಪ್ಪು.

ನಾಲ್ಕನೆಯ ದಿನ ಉತ್ತರ. ಮಾರೆಕ್ ಎಂಬವನು,
ಯಾವುದೋ ಹಿಮದ ಊರು, ಹಗಲು ಬೇರೆ ಕೆಲಸ,
ಇದಕ್ಕೆ ಸಂಬಳವಿಲ್ಲ.
"ಕ್ಷಮಿಸಿ, ನನಗೆ ಎರಡೂ ಒಂದೇ ಥರ ಕೇಳಿಸುತ್ತವೆ."
ಕಾಣದವನ ಪಕ್ಕ ಕೇಳದವನೊಬ್ಬ ಬಂದು ಕೂತಂತಾಯಿತು.

ನಾಲಗೆಗೂ ಮೆಟ್ಟಿಲು ಬರೆದು ಕಳಿಸಿದೆ:
ತುದಿಯನ್ನು ಹಲ್ಲಿನ ಹಿಂದೆ ಇಡಬೇಡ.
ಹಿಂದಕ್ಕೆ ಮಡಚು, ಅಂಗುಳದ ಕಮಾನಿಗೆ ಮುಟ್ಟಿಸು,
ಅಲ್ಲಿಂದ ಜಾರಿಸಿ ಮುಂದಕ್ಕೆ ಬಿಡು.
ಜೊತೆಗೆ ನನ್ನದೇ ದನಿ, ಎಂಟು ಸೆಕೆಂಡು:
ಹಲ್ಲಿ, ಹಳ್ಳಿ. ಕಲೆ, ಕಳೆ. ಬಲೆ, ಬಳೆ.
ನಡುವೆ ಅರಕಲಗೂಡಿನ ಬಸ್ಸು ಹಾರನ್ ಹೊಡೆದದ್ದೂ ಇತ್ತು.
ಅದನ್ನು ತೆಗೆಯಲು ಬರಲಿಲ್ಲ, ಹಾಗೇ ಹೋಯಿತು.

ತಿಂಗಳು ಕಳೆದು ಹೊಸ ಆವೃತ್ತಿ.
ಬೆಳಗಿನ ಐದೂಮುಕ್ಕಾಲರ ಗಾಡಿ.
ಕಿವಿಯೊಳಗೆ ಯಂತ್ರ ಅಂದಿತು: ಹೊಳೆನರಸೀಪುರ.
ಸಾರುವುದನ್ನೇ ಮರೆತೆ.
ಕಂಡಕ್ಟರು ಬಂದು ಗಾಜು ತಟ್ಟಬೇಕಾಯಿತು.

ಆರು ಗಂಟೆಗೆ ಅದೇ ದನಿ, ಬಲು ಹುಮ್ಮಸ್ಸಿನಿಂದ:
ಬೇಳೂರು. ಆಳೂರು. ಸಕಳೇಶಪುರ.
ಹೊಸ ಅಕ್ಷರ ಕಲಿತ ಮಗು
ಗೋಡೆ ತುಂಬ ಅದನ್ನೇ ಗೀಚಿದ ಹಾಗೆ.

ಮೈಕು ಮುಚ್ಚಿ ನಕ್ಕೆ.
ಬೇಲೂರಿನವರನ್ನು ಬೇಲೂರಿಗೇ ಹತ್ತಿಸಿ
ಜಬೀನಾಳನ್ನು ಕೂಗಿದೆ:
ಬರೆದುಕೋ. ಆವೃತ್ತಿ ಹೊಸದು. ಪದ, ಆಲೂರು.
ಮೊದಲ ಸಾಲಿನಲ್ಲಿ, ಮರೆಯಬೇಡ,
ಧನ್ಯವಾದ.